ಭ್ರೂಣ ತನ್ನ ಒಲೆ ತಾನೇ ಹಚ್ಚುವ ಹೊತ್ತು

ಅಡುಗೆಮನೆಯ ಬುಟ್ಟಿಯಲ್ಲಿ ಬಾಳೆಹಣ್ಣು ಸ್ವಲ್ಪ ಹೆಚ್ಚು ಮಾಗಿದರೆ ಸಾಕು, ಎಲ್ಲಿಂದಲೋ ಪುಟ್ಟ ನೊಣಗಳು ಬಂದು ಮುತ್ತಿಕೊಳ್ಳುತ್ತವೆ. ಎಳ್ಳುಕಾಳಿನಷ್ಟು ಗಾತ್ರ, ಕೆಂಪು ಕಣ್ಣು, ಕೈಬೀಸಿದರೆ ಎದ್ದು ಮತ್ತೆ ಅಲ್ಲೇ ಕೂರುವ ಮೊಂಡುತನ. ಹುಳಿ ಬಂದ ಹಣ್ಣು, ಅದರ ಮೇಲೆ ಬೆಳೆಯುವ ಯೀಸ್ಟ್ ಇವಿಷ್ಟೇ ಇವಕ್ಕೆ ಬೇಕಾದದ್ದು. ಗೃಹಿಣಿಯರು ಬೈದು ಓಡಿಸುವ ಈ ಹಣ್ಣಿನ ನೊಣಕ್ಕೆ ವಿಜ್ಞಾನಿಗಳು ಡ್ರಾಸೊಫಿಲಾ ಎಂದು ಹೆಸರಿಟ್ಟು ನೂರಕ್ಕೂ ಹೆಚ್ಚು ವರ್ಷಗಳಿಂದ ಮುದ್ದಿನಿಂದ ಸಾಕುತ್ತಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಹಾಲಿನ ಬಾಟಲಿಗಳಲ್ಲಿ ಸಾಕಿದ್ದ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡನ್ನು ಕಂಡರು. ಅದರ ಸಂತತಿಯನ್ನು ಲೆಕ್ಕ ಹಾಕುತ್ತಾ ಹೋಗಿ, ವಂಶವಾಹಿಗಳು ವರ್ಣತಂತುಗಳ ಮೇಲೆ ಕುಳಿತಿವೆ ಎಂದು ತೋರಿಸಿಕೊಟ್ಟರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಈ ನೊಣದ ತಳಿಗಳನ್ನು ಕಾಪಾಡುವ ಕೇಂದ್ರವಿದೆ. ಅಲ್ಲಿ ಅವುಗಳ ಊಟ ಗೋಧಿ ರವೆ, ಬೆಲ್ಲ, ಅಗರ್ ಸೇರಿಸಿ ಕುದಿಸಿದ ಗಂಜಿ. ಬೆಲ್ಲದ ಸಜ್ಜಿಗೆಯ ದೂರದ ನೆಂಟ ಎನ್ನಬಹುದು.

ಆರೋಗ್ಯದ ಅಂಕಣದಲ್ಲಿ ನೊಣದ ಪುರಾಣವೇಕೆ ಎಂದು ಹುಬ್ಬೇರಿಸಬೇಡಿ. ನಮ್ಮಂಥ ವೈದ್ಯರ ಬಳಿ ಗರ್ಭ ನಿಲ್ಲದ, ಇಲ್ಲವೇ ಎರಡು ಮೂರು ಬಾರಿ ನಿಂತು ಹೋದ ಹೆಣ್ಣುಮಕ್ಕಳು ಬರುತ್ತಾರೆ. ಜೊತೆಯಲ್ಲಿ ಅತ್ತೆಯೋ ತಾಯಿಯೋ ಇರುತ್ತಾರೆ. "ಎಷ್ಟು ಹೇಳಿದ್ರೂ ಸ್ಕೂಟರ್ ಹತ್ತೋದು ಬಿಡ್ಲಿಲ್ಲ ಡಾಕ್ಟ್ರೇ", "ಪರಂಗಿ ಹಣ್ಣು ತಿಂದ್ಳಂತೆ", "ಗ್ರಹಣದ ದಿನ ಹೊರಗೆ ಬಂದಿದ್ಳು" ಎಂಬ ಮಾತುಗಳು ಪರೀಕ್ಷೆಗೆ ಮೊದಲೇ ಮೇಜಿನ ಮೇಲೆ ಬಂದು ಬೀಳುತ್ತವೆ. ಆ ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಗಂಡ ಹೊರಗೆ ಬೆಂಚಿನ ಮೇಲೆ ಮೊಬೈಲ್ ನೋಡುತ್ತಿರುತ್ತಾನೆ.

ಬಸಿರಿನ ಮೊದಲ ದಿನಗಳಲ್ಲಿ ಒಳಗೆ ನಿಜವಾಗಿ ನಡೆಯುವುದೇನು? ಅದರಲ್ಲಿ ಯಾವುದು ನಮ್ಮ ಕೈಯಲ್ಲಿದೆ, ಯಾವುದು ಯಾರ ಕೈಯಲ್ಲೂ ಇಲ್ಲ? ಇದನ್ನು ಹೇಳಬೇಕಾದರೆ ನೊಣದ ಮೊಟ್ಟೆಯಿಂದಲೇ ಹೊರಡುವುದು ಸುಲಭ. ತಾಯಿಯ ಹೊಟ್ಟೆಯೊಳಗೆ ಕಣ್ಣಿಗೆ ಬೀಳದೆ ನಡೆಯುವ ಕೆಲಸವನ್ನು ಅಲ್ಲಿ ವಿಜ್ಞಾನಿಗಳು ಗಡಿಯಾರ ಹಿಡಿದು ನೋಡಿದ್ದಾರೆ.

ಮೂಲ ಪತ್ರ ಮತ್ತು ನಕಲು

ಮೊದಲು ನಾಲ್ಕು ಮಾತು ವಂಶವಾಹಿಯ ಬಗ್ಗೆ. ಮನುಷ್ಯನಲ್ಲಿ ಪ್ರೊಟೀನು ತಯಾರಿಸಲು ಸೂಚನೆ ಕೊಡುವ ವಂಶವಾಹಿಗಳು, ಅಂದರೆ ಜೀನುಗಳು, ಸುಮಾರು 20,000. ಹಣ್ಣಿನ ನೊಣದಲ್ಲಿ ಸುಮಾರು 14,000. ನಾವಂದುಕೊಳ್ಳುವಷ್ಟು ಅಂತರವಿಲ್ಲ ನೋಡಿ. ಮನುಷ್ಯರಲ್ಲಿ ರೋಗಕ್ಕೆ ಕಾರಣವೆಂದು ಗೊತ್ತಾಗಿರುವ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲೂ ಒಂದು ನೆಂಟ ಸಿಗುತ್ತದೆ.

ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಒಂದೇ ವಂಶವಾಹಿಗಳ ಕಟ್ಟು. ವ್ಯತ್ಯಾಸವಿರುವುದು ಯಾವುದರ ಸ್ವಿಚ್ಚು ಹಾಕಿದೆ, ಯಾವುದರದು ಆರಿಸಿದೆ ಎಂಬುದರಲ್ಲಿ. ಸ್ವಿಚ್ಚು ಹಾಕುವುದೆಂದರೆ ಆ ವಂಶವಾಹಿಯ ನಕಲು ತೆಗೆಯುವುದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂಲ ದಾಖಲೆ ಅಲ್ಲೇ ಉಳಿದು ನಮ್ಮ ಕೈಗೆ ನಕಲು ಬರುವುದಿಲ್ಲವೇ, ಹಾಗೆಯೇ ಡಿಎನ್‌ಎ ಎಂಬ ಮೂಲ ಪತ್ರ ಕೋಶಕೇಂದ್ರದೊಳಗೇ ಭದ್ರವಾಗಿರುತ್ತದೆ. ಆರ್‌ಎನ್‌ಎ ಎಂಬ ನಕಲು ಚೀಟಿ ಹೊರಗೆ ಬರುತ್ತದೆ. ಅದನ್ನು ಓದಿ ಜೀವಕೋಶ ಪ್ರೊಟೀನು ತಯಾರಿಸುತ್ತದೆ. ಚೀಟಿಗೆ ಆಯುಷ್ಯ ಕಡಿಮೆ. ಕೆಲಸ ಮುಗಿದ ಮೇಲೆ ಹರಿದು ಹಾಕುತ್ತಾರೆ.

ಹಾಗಾದರೆ ಎಲ್ಲಕ್ಕಿಂತ ಮೊದಲ ಸ್ವಿಚ್ಚನ್ನು ಹಾಕುವವರು ಯಾರು? ಗಂಡು ಹೆಣ್ಣಿನ ಅಣುಗಳು ಕೂಡಿದ ಕ್ಷಣದಲ್ಲಿ ಹೊಸ ಜೀವಕ್ಕೆ ತನ್ನದೇ ಆದ ವಂಶವಾಹಿಗಳ ಕಟ್ಟು ಸಿಕ್ಕಿರುತ್ತದೆ, ನಿಜ. ಆದರೆ ಆ ಕಟ್ಟು ಬಿಚ್ಚಿಲ್ಲ. ಅದನ್ನು ಓದುವವರೂ ಇಲ್ಲ.

ತವರಿನ ಬುತ್ತಿ

ಹೊಸದಾಗಿ ಸಂಸಾರ ಹೂಡುವ ಮಗಳ ಜೊತೆ ತಾಯಿ ಏನೇನು ಕಟ್ಟಿ ಕಳಿಸುತ್ತಾಳೆ ನೆನಪಿಸಿಕೊಳ್ಳಿ. ಹುರಿಹಿಟ್ಟು, ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ. ಮಗಳು ತನ್ನ ಒಲೆ ಹಚ್ಚುವ ತನಕ ಹಸಿದಿರಬಾರದು. ನೊಣದ ತಾಯಿ ಮಾಡುವುದೂ ಇದನ್ನೇ. ಅದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ, ಅಕ್ಕಿ ನುಚ್ಚಿನ ಒಂದು ಕಣದಷ್ಟು. ತಾಯಿಯ ಅಂಡಾಶಯದಲ್ಲಿ ಪ್ರತಿಯೊಂದು ಮೊಟ್ಟೆಗೂ 15 ದಾದಿ ಕೋಶಗಳು ಅಂಟಿಕೊಂಡಿರುತ್ತವೆ. ಅವು ಹಗಲಿರುಳು ದುಡಿದು ತಾಯಿಯ ವಂಶವಾಹಿಗಳಿಂದ ಸಾವಿರಾರು ಬಗೆಯ ನಕಲು ಚೀಟಿಗಳನ್ನೂ ಪ್ರೊಟೀನುಗಳನ್ನೂ ಮೊಟ್ಟೆಯೊಳಗೆ ಸುರಿಯುತ್ತವೆ. ಕೊನೆಗೆ ತಮ್ಮಲ್ಲಿರುವುದನ್ನೆಲ್ಲ ಖಾಲಿ ಮಾಡಿ ಸಾಯುತ್ತವೆ.

ಈ ಬುತ್ತಿಯ ಬಲದಿಂದಲೇ ಮೊಟ್ಟೆಯ ಮೊದಲ ಎರಡು ಗಂಟೆಗಳ ಕೆಲಸ ನಡೆಯುತ್ತದೆ. ಆ ಕೆಲಸದ ವೇಗ ನೋಡಿದರೆ ದಂಗಾಗಬೇಕು. ಒಂದು ಕೋಶಕೇಂದ್ರ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಆರಂಭದ ಪ್ರತಿ ವಿಭಜನೆಗೆ ಬೇಕಾಗುವುದು ಎಂಟು ಹತ್ತು ನಿಮಿಷ, ಒಂದು ಕುಕ್ಕರ್ ಅನ್ನವಾಗುವಷ್ಟೂ ಇಲ್ಲ. ಮನುಷ್ಯನ ಜೀವಕೋಶವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಒಂದು ವಿಭಜನೆಗೆ ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಇನ್ನೊಂದು ವಿಚಿತ್ರ, ಈ ನೊಣದ ಭ್ರೂಣದಲ್ಲಿ ಕೋಶಕೇಂದ್ರಗಳು ಹೆಚ್ಚುತ್ತಾ ಹೋದರೂ ನಡುವೆ ಗೋಡೆ ಏಳುವುದಿಲ್ಲ. ಮದುವೆ ಛತ್ರದ ಹಾಲಿನಲ್ಲಿ ನೆಂಟರು ಮಲಗಿದ ಹಾಗೆ ಎಲ್ಲವೂ ಒಂದೇ ಕೋಣೆಯಲ್ಲಿ. 13 ವಿಭಜನೆ ಮುಗಿಯುವ ಹೊತ್ತಿಗೆ ಸುಮಾರು 6,000 ಕೋಶಕೇಂದ್ರಗಳು ಮೊಟ್ಟೆಯ ಹೊರಮೈಗೆ ಬಂದು ಸಾಲಾಗಿ ನಿಂತಿರುತ್ತವೆ. ಆಗ ಓಟ ನಿಲ್ಲುತ್ತದೆ. 14ನೆಯ ಸುತ್ತು ಒಂದು ಗಂಟೆಗೂ ಮಿಗಿಲು. ಆ ಬಿಡುವಿನಲ್ಲಿ ಒಂದೊಂದು ಕೇಂದ್ರದ ಸುತ್ತಲೂ ಗೋಡೆ ಎದ್ದು ನಿಜವಾದ ಜೀವಕೋಶಗಳಾಗುತ್ತವೆ. ಭ್ರೂಣದ ಸ್ವಂತ ವಂಶವಾಹಿಗಳು ಸಾವಿರಗಟ್ಟಲೆ ಎಚ್ಚರಗೊಳ್ಳುವುದೂ ಆಗಲೇ.

ಅಲ್ಲಿಯವರೆಗೆ ಭ್ರೂಣ ಬುತ್ತಿಯನ್ನೇ ತಿನ್ನುತ್ತಿತ್ತು ಎಂದು ಗೊತ್ತಾದದ್ದು ಹೇಗೆ? ವಿಷದ ಅಣಬೆಗಳಲ್ಲಿ ಆಲ್ಫಾ ಅಮಾನಿಟಿನ್ ಎಂಬ ವಸ್ತುವಿದೆ. ಕಾಡಿನ ಅಣಬೆ ತಿಂದು ಯಕೃತ್ತು ಕೆಟ್ಟು ಆಸ್ಪತ್ರೆ ಸೇರುವವರಲ್ಲಿ ಕೆಲಸ ಮಾಡುವ ವಿಷ ಅನೇಕ ಬಾರಿ ಇದೇ. ಇದು ಡಿಎನ್‌ಎಯಿಂದ ನಕಲು ತೆಗೆಯುವ ಯಂತ್ರವನ್ನು ಕಟ್ಟಿಹಾಕುತ್ತದೆ. ಈ ವಿಷವನ್ನು ನೊಣದ ಎಳೆಯ ಭ್ರೂಣಕ್ಕೆ ಚುಚ್ಚಿದರೂ ಮೊದಲ ವಿಭಜನೆಗಳು ಏನೂ ಆಗದವರಂತೆ ಮುಂದುವರಿಯುತ್ತವೆ. ಗೋಡೆ ಕಟ್ಟುವ ಹಂತಕ್ಕೆ ಬಂದಾಗ ಮಾತ್ರ ಎಲ್ಲವೂ ನಿಲ್ಲುತ್ತದೆ. ಅಂದರೆ ಅಲ್ಲಿಯವರೆಗೆ ಹೊಸ ನಕಲು ಬೇಕಿರಲಿಲ್ಲ, ಅಲ್ಲಿಂದಾಚೆಗೆ ಅದಿಲ್ಲದೆ ಬದುಕಿಲ್ಲ.

ಬಾಗಿಲು ತೆರೆಯುವ ಝೆಲ್ಡಾ

ಡಿಎನ್‌ಎ ಎಂಬುದು ಬಿಡಿಯಾಗಿ ಹರಡಿಕೊಂಡ ನೂಲಲ್ಲ. ಹಿಸ್ಟೋನ್ ಎಂಬ ಪ್ರೊಟೀನಿನ ಉಂಡೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಸುತ್ತಿದ ನೂಲಿನ ಅಕ್ಷರಗಳನ್ನು ಓದಲು ನಕಲು ಯಂತ್ರಕ್ಕೆ ಆಗುವುದಿಲ್ಲ. ಯಾರಾದರೂ ಮೊದಲು ಹೋಗಿ ಅಲ್ಲಲ್ಲಿ ಸಡಿಲ ಮಾಡಬೇಕು. ನೊಣದಲ್ಲಿ ಆ ಕೆಲಸ ಮಾಡುವ ಮುಖ್ಯ ಪ್ರೊಟೀನನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ರಶ್ಲೋ ಅವರ ತಂಡ 2008ರಲ್ಲಿ ವರದಿ ಮಾಡಿತು. ಹೆಸರು ಝೆಲ್ಡಾ. ಇದರ ನಕಲು ಚೀಟಿಯೂ ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಇರುತ್ತದೆ, ಬುತ್ತಿಯ ಗಂಟಿನಲ್ಲಿ ಬೆಂಕಿಪೊಟ್ಟಣವನ್ನೂ ಇಟ್ಟು ಕಳಿಸಿದ ಹಾಗೆ.

ಝೆಲ್ಡಾ ಡಿಎನ್‌ಎಯ ಉದ್ದಕ್ಕೂ ಓಡಾಡಿ ಸಿಎಜಿಜಿಟಿಎಜಿ ಎಂಬ ಏಳು ಅಕ್ಷರಗಳ ಗುರುತನ್ನು ಹುಡುಕುತ್ತದೆ. ಆ ಗುರುತು ಸಿಕ್ಕಲ್ಲಿ ಕುಳಿತು ಉಂಡೆಯನ್ನು ಸಡಿಲಿಸುತ್ತದೆ. ಒಮ್ಮೆ ಜಾಗವಾದರೆ ಬೇರೆ ಪ್ರೊಟೀನುಗಳು ಒಳಗೆ ಬಂದು ಸ್ವಿಚ್ಚು ಹಾಕುತ್ತವೆ. ಝೆಲ್ಡಾ ಒಬ್ಬಂಟಿಯೇನಲ್ಲ, ಗಾಗಾ ಫ್ಯಾಕ್ಟರ್, ಕ್ಲ್ಯಾಂಪ್ ಎಂಬ ಸಹಾಯಕರೂ ಇದ್ದಾರೆ. ಆದರೆ ಝೆಲ್ಡಾ ಇಲ್ಲದ ತಾಯಿಯ ಮೊಟ್ಟೆಗಳಲ್ಲಿ ನೂರಾರು ವಂಶವಾಹಿಗಳು ಹೊತ್ತಿಗೆ ಸರಿಯಾಗಿ ಎಚ್ಚರಗೊಳ್ಳುವುದಿಲ್ಲ, ಗೋಡೆಗಳು ಸರಿಯಾಗಿ ಏಳುವುದಿಲ್ಲ, ಭ್ರೂಣ ಸಾಯುತ್ತದೆ.

ಮೊದಲು ಎಚ್ಚರಗೊಳ್ಳುವ ವಂಶವಾಹಿಗಳಿಗೆ ಒಂದು ಸಮಾನ ಗುಣವಿದೆ. ಅವು ಗಿಡ್ಡ. ಕಾರಣ ಸರಳ. ಹತ್ತು ನಿಮಿಷಕ್ಕೊಮ್ಮೆ ಕೋಶಕೇಂದ್ರ ಒಡೆಯುತ್ತಿದ್ದರೆ, ಪ್ರತಿ ಬಾರಿಯೂ ಅರ್ಧಕ್ಕೆ ನಿಂತ ನಕಲನ್ನು ಬಿಸಾಡಬೇಕು. ಉದ್ದದ ವಂಶವಾಹಿಯನ್ನು ಓದಿ ಮುಗಿಸಲು ಹೊತ್ತು ಸಾಲದು. ಇದಕ್ಕೆ ಒಂದು ಸೊಗಸಾದ ಪುರಾವೆ ಜರ್ಮನಿಯ ಹರ್ಬರ್ಟ್ ಯೆಕ್ಲೆ ಅವರ ಪ್ರಯೋಗಾಲಯದಿಂದ 1992ರಲ್ಲಿ ಬಂತು. ನೊಣದಲ್ಲಿ ನಿರ್ಪ್ಸ್ ಎಂಬ ಒಂದು ವಂಶವಾಹಿ, ಅದಕ್ಕೊಬ್ಬ ಅವಳಿಯಂಥ ಸಹೋದರ. ಇಬ್ಬರೂ ಮಾಡಬಲ್ಲ ಕೆಲಸ ಒಂದೇ. ಆದರೆ ನಿರ್ಪ್ಸ್ ಸುಮಾರು 3,000 ಅಕ್ಷರ ಉದ್ದ, ಸಹೋದರ ಸುಮಾರು 23,000, ನಡುವೆ ಅರ್ಥವಿಲ್ಲದ ಖಾಲಿ ಪುಟಗಳೇ ಹೆಚ್ಚು. ನಿರ್ಪ್ಸ್ ಕೆಟ್ಟುಹೋದಾಗ ಸಹೋದರ ನೆರವಿಗೆ ಬರಲಾರ, ಅವನನ್ನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಆ ಖಾಲಿ ಪುಟಗಳನ್ನು ಕಿತ್ತುಹಾಕಿ ಭ್ರೂಣಕ್ಕೆ ಕೊಟ್ಟಾಗ ಅದೇ ಸಹೋದರ ನಿರ್ಪ್ಸ್‌ನ ಕೆಲಸವನ್ನು ಮಾಡಿ ತೋರಿಸಿದ!

ಹಳೆಯ ಚೀಟಿಗಳ ಕಥೆಯೇನು? ತನ್ನ ಒಲೆ ಹೊತ್ತಿಕೊಂಡ ಮೇಲೂ ತವರಿನ ಡಬ್ಬಿಗಳೇ ಕಪಾಟು ತುಂಬಿದ್ದರೆ ಸಂಸಾರ ಸಾಗುವುದಿಲ್ಲ. ತಾಯಿಯ ಚೀಟಿಗಳನ್ನು ಹರಿದುಹಾಕಲು ಸ್ಮಾಗ್ ಎಂಬ ಪ್ರೊಟೀನು ದಂಡೆತ್ತಿ ಬರುತ್ತದೆ. ನೊಣದ ವಿಜ್ಞಾನಿಗಳಿಗೆ ಹೆಸರಿಡುವುದರಲ್ಲಿ ಬಹಳ ಹಾಸ್ಯಪ್ರಜ್ಞೆ. ಈ ಪ್ರೊಟೀನು ತಡೆಹಿಡಿಯುವ ಒಂದು ವಂಶವಾಹಿಯ ಹೆಸರು ನ್ಯಾನೋಸ್, ಅಂದರೆ ಕುಬ್ಜ. ಒಂದು ಪ್ರಸಿದ್ಧ ಇಂಗ್ಲಿಷ್ ಕಥೆಯಲ್ಲಿ ಕುಬ್ಜರನ್ನು ಅವರ ಬೆಟ್ಟದಿಂದ ಓಡಿಸಿದ ಬೆಂಕಿಯುಗುಳುವ ಹಾವಿನ ಹೆಸರು ಸ್ಮಾಗ್. ವೈದ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿ ಸುಸ್ತಾದ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ತಲೆ ಎತ್ತ, ಬಾಲ ಎತ್ತ

ಎಚ್ಚರಗೊಂಡರೆ ಸಾಲದು. ತಲೆಯ ಕಡೆಯ ಕೋಶ ತಲೆಯ ಪುಟ ತೆರೆಯಬೇಕು, ಬಾಲದ ಕಡೆಯದು ಬಾಲದ ಪುಟ. ಇದನ್ನೂ ತಾಯಿಯೇ ಗುರುತು ಹಾಕಿ ಕಳಿಸಿರುತ್ತಾಳೆ. ಬೈಕಾಯ್ಡ್ ಎಂಬ ವಂಶವಾಹಿಯ ಚೀಟಿಗಳನ್ನು ಮೊಟ್ಟೆಯ ಒಂದೇ ತುದಿಯಲ್ಲಿ ಇಟ್ಟಿರುತ್ತಾಳೆ. ಅಲ್ಲಿಂದ ಪ್ರೊಟೀನು ಹುಟ್ಟಿ ಊದುಬತ್ತಿಯ ವಾಸನೆಯಂತೆ ಹರಡುತ್ತದೆ, ಹತ್ತಿರ ಗಾಢ, ದೂರ ಹೋದಂತೆ ತೆಳು. ಕೋಶಕೇಂದ್ರಗಳು ವಾಸನೆಯ ಗಾಢತೆಯಿಂದಲೇ ತಾವು ಎಲ್ಲಿದ್ದೇವೆ ಎಂದು ತಿಳಿಯುತ್ತವೆ. ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್ಹಾರ್ಡ್ ಮತ್ತು ವೋಲ್ಫ್‌ಗ್ಯಾಂಗ್ ಡ್ರೀವರ್ ಇದನ್ನು 1988ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ ಈಕೆ ಎರಿಕ್ ವೀಶೌಸ್ ಜೊತೆ ಹೈಡಲ್‌ಬರ್ಗ್‌ನಲ್ಲಿ ಇಬ್ಬರೂ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಎದುರುಬದುರು ಕುಳಿತು ಸಾವಿರಾರು ಕೆಟ್ಟ ಭ್ರೂಣಗಳನ್ನು ಪರೀಕ್ಷಿಸಿದ್ದರು. 1980ರಲ್ಲಿ ಅವರು ದೇಹದ ಪಟ್ಟಿಗಳನ್ನು ರೂಪಿಸುವ 15 ವಂಶವಾಹಿಗಳನ್ನು ಪ್ರಕಟಿಸಿದರು. 1995ರಲ್ಲಿ ಇಬ್ಬರಿಗೂ ಎಡ್ವರ್ಡ್ ಲೂಯಿಸ್ ಅವರ ಜೊತೆ ನೊಬೆಲ್ ಬಂತು, ಅದೂ ವೈದ್ಯಕೀಯ ವಿಭಾಗದಲ್ಲಿ.

ಬೈಕಾಯ್ಡ್ ಕೆಟ್ಟ ತಾಯಿನೊಣ ಆರೋಗ್ಯವಾಗಿಯೇ ಇರುತ್ತದೆ. ಹಾರುತ್ತದೆ, ಕೂಡುತ್ತದೆ, ಮೊಟ್ಟೆ ಇಡುತ್ತದೆ. ಆದರೆ ಮೊಟ್ಟೆಯೊಳಗಿನ ಮರಿಗೆ ತಲೆಯೂ ಎದೆಯೂ ಮೂಡುವುದಿಲ್ಲ, ತಲೆಯ ಜಾಗದಲ್ಲಿ ಬಾಲದ ತುದಿ ಬರುತ್ತದೆ. ತಂದೆ ಒಳ್ಳೆಯ ಪ್ರತಿಯನ್ನು ಕೊಟ್ಟಿದ್ದರೂ ಪ್ರಯೋಜನವಿಲ್ಲ. ಬುತ್ತಿ ಕಟ್ಟುವಾಗ ತಂದೆ ಅಲ್ಲಿರಲಿಲ್ಲವಲ್ಲ.

ಮುಂದಿನದು ಲೆಕ್ಕಾಚಾರದ ಕೆಲಸ. ಈವನ್ ಸ್ಕಿಪ್ಡ್ ಎಂಬ ವಂಶವಾಹಿ ಭ್ರೂಣದ ಮೈಮೇಲೆ ಏಳು ಪಟ್ಟೆಗಳಾಗಿ ಎಚ್ಚರಗೊಳ್ಳುತ್ತದೆ. ಅದರ ಎರಡನೆಯ ಪಟ್ಟೆಗೆಂದೇ ಬೇರೆ ಸ್ವಿಚ್ಚು ಇದೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಇದ್ದರೆ ಅದು ಉರಿಯುತ್ತದೆ, ಜೈಂಟ್ ಅಥವಾ ಕ್ರುಪ್ಪೆಲ್ ಬಂದರೆ ಆರುತ್ತದೆ. ಮೊದಲಿನ ಇಬ್ಬರಿದ್ದು ಉಳಿದ ಇಬ್ಬರಿಲ್ಲದ ಕಿರಿದಾದ ಓಣಿಯಲ್ಲಿ ಮಾತ್ರ ಪಟ್ಟೆ ಮೂಡುತ್ತದೆ. ಇಷ್ಟೆಲ್ಲ ಮುಗಿಯುವುದು ಮೂರು ಗಂಟೆಯೊಳಗೆ. ಮೊಟ್ಟೆ ಇಟ್ಟು ಸುಮಾರು ಒಂದು ದಿನಕ್ಕೆ ಮರಿಹುಳು ಹೊರಬಂದು ನಿಮ್ಮ ಬಾಳೆಹಣ್ಣು ಕೊರೆಯತೊಡಗುತ್ತದೆ.

ನಮ್ಮಲ್ಲಿ ಮೂರನೆಯ ದಿನ

ಮನುಷ್ಯನ ಅಂಡಾಣು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಇಲ್ಲಿ ಅವಸರವಿಲ್ಲ. ಗರ್ಭಾಂಕುರವಾದ ಮೇಲೆ ಒಂದು ಎರಡಾಗಲು ಒಂದು ದಿನಕ್ಕೂ ಹೆಚ್ಚು ಬೇಕು. ಗೋಡೆಗಳೂ ಮೊದಲಿನಿಂದಲೇ ಇರುತ್ತವೆ. ಆದರೆ ಬುತ್ತಿಯ ಏರ್ಪಾಟು ಮಾತ್ರ ಅದೇ. ಬ್ರಿಟನ್ನಿನ ಪೀಟರ್ ಬ್ರೌಡ್ ಮತ್ತು ಸಂಗಡಿಗರು 1988ರಲ್ಲಿ ಅದೇ ಅಣಬೆ ವಿಷವನ್ನು ಬಳಸಿ, ಮನುಷ್ಯನ ಭ್ರೂಣ ನಾಲ್ಕರಿಂದ ಎಂಟು ಕೋಶಗಳಾಗುವ ನಡುವೆ ತನ್ನ ವಂಶವಾಹಿಗಳನ್ನು ಓದಲು ಆರಂಭಿಸುತ್ತದೆ ಎಂದು ತೋರಿಸಿದರು. ಅಂದರೆ ಸುಮಾರು ಮೂರನೆಯ ದಿನ. ಆಗ ಭ್ರೂಣ ಇನ್ನೂ ಅಂಡನಾಳದಲ್ಲಿ ತೇಲುತ್ತಿರುತ್ತದೆ. ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ತೊಡಗುವುದು ಆರೇಳು ದಿನಗಳ ನಂತರ. ಮುಟ್ಟು ನಿಂತಿತೆಂದು ತಾಯಿಗೆ ತಿಳಿಯುವುದು ಇನ್ನೂ ಒಂದು ವಾರ ತಡವಾಗಿ.

ನಮ್ಮಲ್ಲಿ ಝೆಲ್ಡಾ ಇಲ್ಲ, ಅದು ಕೀಟಗಳ ಕಡೆಯ ನೆಂಟ. ನಮ್ಮಲ್ಲಿ ಆಕ್ಟ್-4, ಟಿಪಿಆರ್‌ಎಕ್ಸ್ ಗುಂಪು ಮೊದಲಾದ ಬೇರೆ ಪ್ರೊಟೀನುಗಳು ಬಾಗಿಲು ತೆರೆಯುವ ಕೆಲಸಕ್ಕಿವೆ. ಆಳು ಬೇರೆ, ಕೆಲಸ ಅದೇ.

ಪ್ರನಾಳ ಶಿಶು ಚಿಕಿತ್ಸೆಗೆ ಹೋದವರಿಗೆ ಈ ಮೂರನೆಯ ದಿನದ ಮಹತ್ವ ಗೊತ್ತು. ಮೊದಲೆರಡು ದಿನ "ಎಲ್ಲವೂ ಚೆನ್ನಾಗಿದೆ" ಎಂದಿದ್ದ ಆಸ್ಪತ್ರೆಯವರು ಐದನೆಯ ದಿನ "ಅರ್ಧ ಭ್ರೂಣಗಳು ಮುಂದೆ ಬೆಳೆಯಲಿಲ್ಲ" ಎನ್ನುತ್ತಾರೆ. ದಂಪತಿಗಳಿಗೆ ಪ್ರಯೋಗಾಲಯದವರು ಏನೋ ಕೆಡಿಸಿದರು ಎಂಬ ಸಂಶಯ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಸುಮಾರು ಅರ್ಧ ಐದನೆಯ ದಿನದ ಹಂತವನ್ನು ಮುಟ್ಟುವುದೇ ಇಲ್ಲ. ಮೊದಲೆರಡು ದಿನ ಓಡಿದ್ದು ತಾಯಿಯ ಬುತ್ತಿಯಿಂದ. ಆಮೇಲೆ ಸ್ವಂತ ಒಲೆ ಹೊತ್ತಬೇಕು, ವರ್ಣತಂತುಗಳ ಲೆಕ್ಕ ತಪ್ಪಿರುವ ಅನೇಕ ಭ್ರೂಣಗಳು ಅಲ್ಲಿಂದ ಮುಂದೆ ಸಾಗುವುದಿಲ್ಲ.

ಹೊರಗೆ ಗೊತ್ತಾಗುವ ಗರ್ಭಪಾತಗಳಲ್ಲೂ ಹೀಗೆಯೇ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚಿನವುಗಳಲ್ಲಿ ವರ್ಣತಂತುಗಳ ಸಂಖ್ಯೆಯೇ ತಪ್ಪಿರುತ್ತದೆ. ಆ ತಪ್ಪು ಬಹುಪಾಲು ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗಲೇ, ಇಲ್ಲವೇ ಮೊದಲ ವಿಭಜನೆಗಳಲ್ಲೇ ಆಗಿಹೋಗಿರುತ್ತದೆ. ಅದರ ನಂತರ ಸ್ಕೂಟರ್ ಹತ್ತಿದರೂ ಅಷ್ಟೇ, ಹಾಸಿಗೆ ಬಿಟ್ಟೇಳದಿದ್ದರೂ ಅಷ್ಟೇ. ಮಾಗಿದ ಪರಂಗಿಯ ಎರಡು ಹೋಳಿನಿಂದ ಗರ್ಭ ಹೋಗುವುದಿಲ್ಲ. ಹಸಿ ಪರಂಗಿಕಾಯಿ, ಅದರ ಹಾಲು ಬೇರೆ ಮಾತು, ಬಿಡುವುದೇ ಸರಿ. ಮಗುವಿನ ಮೇಲ್ತುಟಿ ಕೂಡಿಕೊಳ್ಳುವುದು ಆರು ಏಳನೆಯ ವಾರದ ಸುಮಾರಿಗೆ. ಗ್ರಹಣದಲ್ಲಿ ಕತ್ತರಿ ಹಿಡಿದದ್ದಕ್ಕೂ ಸೀಳುತುಟಿಗೂ ಸಂಬಂಧವಿಲ್ಲ. ಎಳೆಯ ಬಸಿರು ಕಳೆದುಕೊಂಡವಳನ್ನು ತಪ್ಪಿತಸ್ಥಳಂತೆ ನಿಲ್ಲಿಸುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ.

ಬೈಕಾಯ್ಡ್‌ನಂತೆ ತಾಯಿಯ ಬುತ್ತಿಯಲ್ಲೇ ಕೊರತೆ ಇರುವ ಉದಾಹರಣೆಗಳು ಮನುಷ್ಯರಲ್ಲೂ ಇವೆ, ಆದರೆ ಅಪರೂಪ. ಕೆಲವು ಹೆಂಗಸರಿಗೆ ಮತ್ತೆ ಮತ್ತೆ ದ್ರಾಕ್ಷಿಗೊಂಚಲಿನಂಥ ಗರ್ಭ ಬರುತ್ತದೆ. ಇದಕ್ಕೆ ತಾಯಿಯಲ್ಲಿರುವ ಎನ್‌ಎಲ್‌ಆರ್‌ಪಿ-7 ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವುದು ಕಾರಣವಾಗಬಹುದೆಂದು 2006ರಲ್ಲಿ ಗೊತ್ತಾಯಿತು. ಟಿಎಲ್‌ಇ-6, ಪಿಎಡಿಐ-6 ಎಂಬ ವಂಶವಾಹಿಗಳು ಕೆಟ್ಟಿದ್ದರೆ ಭ್ರೂಣ ಮೊದಲ ಕೆಲವು ವಿಭಜನೆಗಳಲ್ಲೇ ನಿಲ್ಲುತ್ತದೆ. ಇಂಥ ಹೆಣ್ಣುಮಗಳು ಬೇರೆಲ್ಲ ರೀತಿಯಲ್ಲಿ ಆರೋಗ್ಯವಂತೆ. ಆಕೆಗೆ ಇದು ಹುಟ್ಟಿನಿಂದ ಬಂದದ್ದು. ಬೇರೆಯವರ ಅಂಡಾಣು ದಾನ ಪಡೆದು ಗರ್ಭ ನಿಂತ ನಿದರ್ಶನಗಳಿವೆ.

ಮುಚ್ಚಬೇಕಾದ ಬಾಗಿಲು

ಸ್ವಿಚ್ಚು ಹಾಕುವಷ್ಟೇ ಆರಿಸುವುದೂ ಮುಖ್ಯ. ಮನುಷ್ಯನ ಭ್ರೂಣ ನಾಲ್ಕು ಕೋಶಗಳಾಗಿರುವಾಗ ಡಕ್ಸ್-4 ಎಂಬ ವಂಶವಾಹಿ ಸ್ವಲ್ಪ ಹೊತ್ತು ಎಚ್ಚರವಾಗಿ, ಬೇರೆಯವನ್ನು ಎಬ್ಬಿಸಿ ಮತ್ತೆ ಮಲಗುತ್ತದೆ. ಇದು ತಿಳಿದದ್ದು 2017ರಲ್ಲಿ. ಆದರೆ ಈ ವಂಶವಾಹಿಯ ಪರಿಚಯ ನರರೋಗ ತಜ್ಞರಿಗೆ ಅದಕ್ಕೂ ಮೊದಲೇ ಇತ್ತು. ಕೆಲವು ಕುಟುಂಬಗಳಲ್ಲಿ ಇದರ ಬೀಗ ಸಡಿಲವಾಗಿದ್ದು, ದೊಡ್ಡವರಾದ ಮೇಲೆ ಸ್ನಾಯುಗಳಲ್ಲಿ ಡಕ್ಸ್-4 ಮತ್ತೆ ಏಳುತ್ತದೆ. ಅಲ್ಲಿ ಅದು ವಿಷ. ಮುಖ, ಭುಜದ ಸ್ನಾಯುಗಳು ಸೊರಗುತ್ತವೆ. ಅಂಥವರಿಗೆ ಶಿಳ್ಳೆ ಹಾಕಲಾಗುವುದಿಲ್ಲ, ಕಣ್ಣು ಪೂರ್ತಿ ಮುಚ್ಚುವುದಿಲ್ಲ, ತಲೆ ಬಾಚಲು ಕೈ ಮೇಲೆತ್ತಲಾಗದು. ಬದುಕಿನ ಮೂರನೆಯ ದಿನಕ್ಕೆ ಅಮೃತವಾದದ್ದು ಮೂವತ್ತನೆಯ ವರ್ಷಕ್ಕೆ ಕಂಟಕ.

ನೊಣದ ಹೆಡ್ಜ್‌ಹಾಗ್ ವಂಶವಾಹಿಯದೂ ಇಂಥದೇ ಕಥೆ. ಅದು ಕೆಟ್ಟರೆ ಮರಿಹುಳುವಿನ ಮೈತುಂಬ ಮುಳ್ಳು ಮುಳ್ಳು, ಅದಕ್ಕೇ ಆ ಮುಳ್ಳು ಪ್ರಾಣಿಯ ಹೆಸರು. ಇದರ ಮನುಷ್ಯ ಸಂಬಂಧಿ ಕೆಟ್ಟರೆ ಮಗುವಿನ ಮೆದುಳು ಎರಡು ಭಾಗವಾಗಿ ಬೇರ್ಪಡುವುದಿಲ್ಲ. ದೊಡ್ಡವರ ಚರ್ಮದಲ್ಲಿ ಅದೇ ಹಾದಿಯ ಸ್ವಿಚ್ಚು ಆರದೆ ಉಳಿದರೆ ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್. ಆ ಸ್ವಿಚ್ಚನ್ನು ಆರಿಸುವ ವಿಸ್ಮೊಡೆಗಿಬ್ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು.

ನಮ್ಮ ಕೈಯಲ್ಲಿರುವುದು

ಇಷ್ಟನ್ನೂ ಓದಿ "ಹಾಗಾದರೆ ಮಾಡುವುದೇನೂ ಇಲ್ಲವೇ" ಎಂದು ಕೇಳುವವರಿಗೆ: ಇದೆ, ಆದರೆ ಅದನ್ನು ಮುಟ್ಟು ನಿಂತ ಮೇಲೆ ಆರಂಭಿಸಿದರೆ ತಡವಾಗುತ್ತದೆ. ಹೆಣ್ಣು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಅವಳ ಅಂಡಾಣುಗಳು ತಯಾರಾಗಿರುತ್ತವೆ. ಬಿಡುಗಡೆಯಾಗುವ ಮೊದಲು ಅದರ ಕೋಶಕ ಬಲಿಯಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಮಗು ಬೇಕೆಂದು ತೀರ್ಮಾನಿಸಿದ ದಿನವೇ ಒಮ್ಮೆ ವೈದ್ಯರನ್ನು ಕಾಣಿರಿ.

ಸಕ್ಕರೆ ಕಾಯಿಲೆ ಇರುವವರು ಮೊದಲೇ ಅದನ್ನು ಹತೋಟಿಗೆ ತರಬೇಕು. ಹತೋಟಿಯಲ್ಲಿಲ್ಲದ ಸಕ್ಕರೆ ಗರ್ಭಪಾತವನ್ನೂ ಅಂಗದೋಷವನ್ನೂ ಹೆಚ್ಚಿಸುತ್ತದೆ. ಥೈರಾಯಿಡ್ ನೋಡಿಸಿ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂನಂತೆ ಆರಂಭಿಸಬೇಕು. ಮಗುವಿನ ಬೆನ್ನುಹುರಿಯ ನಾಳ ಗರ್ಭಾಂಕುರವಾದ ಸುಮಾರು 28 ದಿನಕ್ಕೆ ಮುಚ್ಚಿಕೊಂಡುಬಿಡುತ್ತದೆ, ಆಗಿನ್ನೂ ಅನೇಕರು ಮೂತ್ರ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಮೊದಲ ಮಗುವಿಗೆ ಬೆನ್ನುಹುರಿಯ ದೋಷವಿದ್ದ ತಾಯಂದಿರಿಗೆ ಹೆಚ್ಚಿನ ಪ್ರಮಾಣ, ಅಂದರೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಅದು ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ಸಂಶೋಧನಾ ಮಂಡಳಿ ನಡೆಸಿದ ಪ್ರಯೋಗ 1991ರಲ್ಲಿ ತೋರಿಸಿತು. ಇಷ್ಟು ಅಗ್ಗದ ಮಾತ್ರೆಯಿಂದ ಇಷ್ಟು ಲಾಭ ವೈದ್ಯಶಾಸ್ತ್ರದಲ್ಲಿ ಅಪರೂಪ.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಇದು ಎ ಜೀವಸತ್ವದ ಬಳಗದ್ದು. ದೇಹದ ಯಾವ ಭಾಗ ಎಲ್ಲಿ ಎಂದು ನಿರ್ಧರಿಸುವ ವಂಶವಾಹಿಗಳ ಸ್ವಿಚ್ಚುಗಳನ್ನು ಭ್ರೂಣದಲ್ಲಿ ಈ ಬಳಗದ ವಸ್ತುಗಳೇ ತಿರುಗಿಸುತ್ತವೆ. ಹೊರಗಿನಿಂದ ಬಂದ ಮಾತ್ರೆ ಅದನ್ನು ಅಸ್ತವ್ಯಸ್ತ ಮಾಡಿ ಕಿವಿ, ಹೃದಯ, ಮೆದುಳಿನ ತೀವ್ರ ದೋಷಗಳನ್ನು ತರುತ್ತದೆ. ಮಾತ್ರೆ ನುಂಗುವಾಗಲೂ, ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಗೆಳತಿಗೆ ಗುಣವಾಯಿತೆಂದು ಚೀಟಿಯಿಲ್ಲದೆ ಕೊಂಡು ನುಂಗುವ ಕಾಲೇಜು ಹುಡುಗಿಯರೂ, ಮದುವೆ ಗೊತ್ತಾದ ಕೂಡಲೇ ಮುಖ ನುಣುಪಾಗಲೆಂದು ಆರಂಭಿಸುವವರೂ ಇದನ್ನು ಗಮನಿಸಬೇಕು. ಮೂರ್ಛೆ ರೋಗಕ್ಕೆ ಕೊಡುವ ವಾಲ್ಪ್ರೋಯೇಟ್ ಕೂಡ ಭ್ರೂಣಕ್ಕೆ ಅಪಾಯಕಾರಿ. ಆದರೆ ಅದನ್ನು ತಾವಾಗಿಯೇ ನಿಲ್ಲಿಸಿದರೆ ಫಿಟ್ಸ್ ಬಂದು ಇನ್ನೊಂದು ಅನಾಹುತವಾದೀತು. ಬಸಿರಿನ ಯೋಜನೆ ಹಾಕುವ ಮೊದಲೇ ವೈದ್ಯರು ಅದನ್ನು ಬದಲಾಯಿಸಿ ಕೊಡುತ್ತಾರೆ.

ಇನ್ನು ಗರ್ಭ ಮತ್ತೆ ಮತ್ತೆ ಹೋಗುತ್ತಿದ್ದರೆ ಪರೀಕ್ಷಿಸಬೇಕಾದ ಕಾರಣಗಳು ಕೆಲವಿವೆ. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ದೋಷ, ಥೈರಾಯಿಡ್, ಸಕ್ಕರೆ, ಗರ್ಭಕೋಶದ ಆಕಾರ. ಹೊರಬಿದ್ದ ಗರ್ಭದ ಅಂಗಾಂಶವನ್ನು ಬಿಸಾಡದೆ ವರ್ಣತಂತು ಪರೀಕ್ಷೆಗೆ ಕಳಿಸಿದರೆ ಎಷ್ಟೋ ಬಾರಿ ಉತ್ತರ ಅಲ್ಲೇ ಸಿಗುತ್ತದೆ. ಇಂಥ ನೂರು ದಂಪತಿಗಳಲ್ಲಿ ಎರಡರಿಂದ ಐದು ಜೋಡಿಗಳಲ್ಲಿ ಒಬ್ಬರ ವರ್ಣತಂತುವಿನ ತುಣುಕು ಸ್ಥಳ ಬದಲಿಸಿ ಕುಳಿತಿರುತ್ತದೆ. ಅದು ಹೆಂಡತಿಯದೇ ಆಗಬೇಕೆಂದಿಲ್ಲ. ಈ ಪರೀಕ್ಷೆಗೆ ಗಂಡನ ರಕ್ತವೂ ಬೇಕು. ಹೊರಗೆ ಬೆಂಚಿನ ಮೇಲೆ ಕುಳಿತಿರುವವನನ್ನು ಒಳಗೆ ಕರೆಯಿರಿ.